ಮಾಹಿಮ್‌ನಿಂದ ಫೌಂಟನ್‌ವರೆಗೆ: ಮೊದಲ ಹಾಫ್ ಮ್ಯಾರಥಾನ್, ಎಲ್ಲೆಲ್ಲಿ ತಲೆ ಎತ್ತಿ ನೋಡಬೇಕು?

ಡೊಂಬಿವಿಲಿಯವಳು

ಎಲ್ಲರಿಗೂ ನಮಸ್ಕಾರ. ಜನವರಿ ಮೂರನೇ ಭಾನುವಾರದ ಮುಂಬೈ ಮ್ಯಾರಥಾನ್‌ನಲ್ಲಿ ಈ ಸಲ ಹಾಫ್ ಓಡುತ್ತಿದ್ದೇನೆ. 21 ಕಿಲೋಮೀಟರ್ ಇದೇ ಮೊದಲು. ವಯಸ್ಸು 41. ಹೋದ ಭಾನುವಾರ 18 ಓಡಿದೆ, ಕಾಲು ಚೆನ್ನಾಗಿದೆ. ಮುಗಿಸುತ್ತೇನೆ ಅನ್ನುವ ಧೈರ್ಯ ಇದೆ. ಹಾಗಾಗಿ ನನ್ನ ಪ್ರಶ್ನೆ ಓಡುವುದರ ಬಗ್ಗೆ ಅಲ್ಲ, ನೋಡುವುದರ ಬಗ್ಗೆ.

ನನ್ನ ಅಪ್ಪಯ್ಯ ಬೈಂದೂರು ಕಡೆಯ ಹಳ್ಳಿಯಿಂದ ಮುಂಬೈಗೆ ಬಂದಾಗ ಅವರಿಗೆ ಹದಿಮೂರು ವರ್ಷ. ದಕ್ಷಿಣ ಮುಂಬೈನ ಫ್ಲೋರಾ ಫೌಂಟನ್ ಕಾರಂಜಿ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಸಂಜೆ ಆದ ಮೇಲೆ ಫೋರ್ಟಿನಲ್ಲಿ ಕನ್ನಡ ರಾತ್ರಿ ಶಾಲೆ. ಹೋಟೆಲಿನೊಳಗೆ ಮಲಗಲು ಜಾಗ ಸಾಲದ ದಿನ ಡಿ.ಎನ್. ರಸ್ತೆಯ ಕಮಾನುಗಳ ಕೆಳಗೆ ಚಾಪೆ ಹಾಸುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಇದೇ ಕಥೆ. ರಾಜಾಬಾಯಿ ಗಡಿಯಾರದ ಗಂಟೆ, ಫೌಂಟನ್ನಿನ ನೀರಲ್ಲಿ ಮುಖ ತೊಳೆದದ್ದು, ಚೌಪಾಟಿಯಲ್ಲಿ ಮೊದಲ ಸಲ ಮುಂಬೈ ಸಮುದ್ರ ನೋಡಿ "ಇದು ನಮ್ಮೂರದ್ದೇ ಕಡಲು" ಅಂತ ಸಮಾಧಾನ ಆದದ್ದು.

ಈ ಓಟದ ನಕ್ಷೆ ಬಿಡಿಸಿ ನೋಡಿದೆ. ಕೊನೆಯ ಐದಾರು ಕಿಲೋಮೀಟರ್ ಅಪ್ಪಯ್ಯನ ಕಥೆಯೊಳಗೇ ಹೋಗುತ್ತೆ. ಮೈ ಜುಂ ಅಂತು.

ನಾನು ಫೋರ್ಟಿಗೆ ನೂರು ಸಲ ಹೋಗಿದ್ದೇನೆ. ಆದರೆ ಲೋಕಲ್ ಇಳಿದು, ಕೆಲಸ ಮುಗಿಸಿ, ಮತ್ತೆ ಲೋಕಲ್ ಹತ್ತಿದ್ದು ಅಷ್ಟೆ. ತಲೆ ಎತ್ತಿ ಒಂದು ಕಟ್ಟಡ ನೋಡಿಲ್ಲ. ನಮ್ಮ ರನ್ನಿಂಗ್ ಗುಂಪಿನವರು "ಹತ್ತು ಅಡಿ ಮುಂದೆ ನೆಲ ನೋಡು, ಅತ್ತಿತ್ತ ನೋಡಿದರೆ ಪೇಸ್ ಹೋಗುತ್ತೆ" ಅನ್ನುತ್ತಾರೆ. ಅದೂ ನಿಜ ಇರಬಹುದು. ಆದರೆ ಆ ದಾರಿಯಲ್ಲಿ ನೆಲ ನೋಡಿಕೊಂಡು ಓಡಿ ಬಂದರೆ ಅಪ್ಪಯ್ಯನಿಗೆ ಏನು ಹೇಳಲಿ?

ಎರಡು ವಿಷಯ ತಿಳಿಸಿ. ಎಲ್ಲಿ ನಿಧಾನ ಮಾಡಿ ನೋಡಬೇಕು, ಎಲ್ಲಿ ಸುಮ್ನೆ ಓಡಬೇಕು? ಮತ್ತೆ, ಅಪ್ಪಯ್ಯನಿಗೀಗ ಎಪ್ಪತ್ತೆರಡು, ಮಂಡಿ ನೋವಿದೆ. ನನ್ನನ್ನು ನೋಡಲು ಬರಲೇಬೇಕು ಅಂತ ಕೂತಿದ್ದಾರೆ. ಅವರನ್ನು ಎಲ್ಲಿ ನಿಲ್ಲಿಸಲಿ?

ಠಾಣೆ ಶೆಡ್ತಿ

ಮೊದಲು ರೈಲಿನ ವಿಷಯ ಹೇಳಿಬಿಡುತ್ತೇನೆ, ನಾನು ಎರಡು ಸಲ ಒದ್ದಾಡಿದ್ದೇನೆ. ಹಾಫ್ ಶುರುವಾಗುವುದು ಮಾಹಿಮ್ ಕಡೆಯಿಂದ, ಬೆಳಗ್ಗೆ ಐದಕ್ಕೆ. ಆ ದಿನಕ್ಕೆ ಬೆಳಗಿನ ಜಾವದ ವಿಶೇಷ ಲೋಕಲ್ ಬಿಡುತ್ತಾರೆ, ಸಮಯ ಹಿಂದಿನ ವಾರ ಪೇಪರಿನಲ್ಲಿ ಬರುತ್ತೆ. ಆದರೂ ಡೊಂಬಿವಿಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನ್, ಆಮೇಲೆ ಮಾಹಿಮ್. ಓಟಕ್ಕೆ ಮೊದಲೇ ಕಾಲು ಸೋತಿರುತ್ತೆ. ಮಾಟುಂಗ, ಸಯನ್ ಕಡೆ ನೆಂಟರಿದ್ದರೆ ಹಿಂದಿನ ರಾತ್ರಿ ಅಲ್ಲೇ ಉಳಿ.

ಅಪ್ಪನನ್ನು ಮಾಹಿಮ್‌ಗೆ ಕರೆದುಕೊಂಡು ಬರಬೇಡ. ಕತ್ತಲು, ನೂಕುನುಗ್ಗಲು, ಅವರಿಗೆ ಏನೂ ಕಾಣಲ್ಲ. ಯಾರಾದರೂ ಜೊತೆಗಿದ್ದು ಏಳು ಗಂಟೆ ಒಳಗೆ ನೇರ ಸಿ.ಎಸ್.ಎಂ.ಟಿ.ಗೆ (ಹಳೆ ವಿ.ಟಿ. ರೈಲು ನಿಲ್ದಾಣ) ಕರೆದುಕೊಂಡು ಬರಲಿ. ಒಂದು ಮಡಚುವ ಸ್ಟೂಲ್ ಇರಲಿ. ಬ್ಯಾರಿಕೇಡ್ ಹಾಕಿದ ಮೇಲೆ ರಸ್ತೆ ದಾಟಲು ಬಿಡಲ್ಲ. ಎಡಗಡೆಯೋ ಬಲಗಡೆಯೋ ಅಂತ ಮೊದಲೇ ಮಾತಾಡಿಕೊಳ್ಳಿ. ನನ್ನ ಗಂಡ ಒಂದು ವರ್ಷ ಎಡಗಡೆ ನಿಂತು ಕೂಗಿದ್ದೇ ಕೂಗಿದ್ದು, ನಾನು ಬಲಗಡೆ ಹುಡುಕುತ್ತಾ ಓಡಿ ಹೋಗಿಬಿಟ್ಟೆ. ಇವತ್ತಿಗೂ ಇಬ್ಬರಿಗೂ ಆ ಬೇಜಾರಿದೆ.

ಸೆಂಟ್ರಲ್ ಲೈನಿನ ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ ಶುರುವಾಗುತ್ತೆ. ಅದಕ್ಕೆ ಮೊದಲೇ ವಾಪಸ್ ರೈಲು ಹತ್ತಿ.

ಮಾಟುಂಗದ ಮಾಮ

ತಂಗಿ, ನಿನ್ನ ಪ್ರಶ್ನೆ ಓದಿ ಎರಡು ದಿನ ಆಯಿತು. ಸುಮ್ನೆ ನಾಲ್ಕು ಸಾಲು ಬರೆಯಲು ಮನಸ್ಸು ಬರಲಿಲ್ಲ.

ನಾನು ಈ ಓಟಕ್ಕೆ ಒಂಬತ್ತು ಸಲ ಹೋಗಿದ್ದೇನೆ. ಐದು ಫುಲ್ (42 ಕಿಲೋಮೀಟರ್), ನಾಲ್ಕು ಹಾಫ್. ಮೂವತ್ತು ವರ್ಷ ಬೆಲ್ಲಾರ್ಡ್ ಎಸ್ಟೇಟಿನಲ್ಲಿ ಗುಮಾಸ್ತ ಕೆಲಸ ಮಾಡಿದವನು. ಮೊದಲ ಮೂರು ಸಲ ಗಡಿಯಾರ ನೋಡಿಕೊಂಡೇ ಓಡಿದೆ. ಈಗ ನೆನಪಿಸಿಕೊಂಡರೆ ಆ ಮೂರು ಓಟಗಳಲ್ಲಿ ನನಗೆ ಕಾಣುವುದು ಮುಂದಿದ್ದವರ ಬೆನ್ನು ಮತ್ತು ರಸ್ತೆಯ ಬಿಳಿ ಗೆರೆ. ನೀನು ನೋಡಬೇಕು ಅಂತ ಹೊರಟಿದ್ದೀಯಲ್ಲ, ಅದೇ ಸರಿ. ಮಾರ್ಗ ಕೆಲವು ವರ್ಷ ಸ್ವಲ್ಪ ಬದಲಾಗುತ್ತೆ, ಬಿಬ್ (ಎದೆಗೆ ಹಾಕುವ ನಂಬರಿನ ಚೀಟಿ) ಜೊತೆ ಕೊಡುವ ನಕ್ಷೆ ನೋಡಿಕೋ. ನಾನು ಓಡಿದ ದಾರಿ ಹೇಳುತ್ತೇನೆ.

ಮಾಹಿಮ್ ಕಾಸ್‌ವೇ. ಕತ್ತಲು, ಒಣಮೀನಿನ ವಾಸನೆ, ಸಾವಿರಾರು ಜನರ ಬೂಟಿನ ಸದ್ದು. ಮೊದಲು ಇಲ್ಲಿ ಕೊಲ್ಲಿ ದಾಟಲು ದೋಣಿಯೇ ಗತಿ. ದೋಣಿ ಮುಳುಗಿ ಜನ ಸಾಯುತ್ತಿದ್ದರು. ಸರ್ಕಾರ ಹಣ ಹಾಕಲು ಒಪ್ಪಲಿಲ್ಲ. ಆಗ ಲೇಡಿ ಜಮ್ಶೇಟ್‌ಜಿ ಅನ್ನುವ ಪಾರ್ಸಿ ಹೆಂಗಸು ತಮ್ಮ ಕೈಯಿಂದ 1,57,000 ರೂಪಾಯಿ ಕೊಟ್ಟರು. ಒಂದೇ ಷರತ್ತು: ದಾಟುವವರ ಹತ್ತಿರ ಸುಂಕ ವಸೂಲಿ ಮಾಡಬಾರದು. 1845ರಲ್ಲಿ ದಾರಿ ತೆರೆಯಿತು. ನೀನು ಅಲ್ಲಿ ಹೆಜ್ಜೆ ಇಡುವಾಗ ಆ ತಾಯಿಯನ್ನು ಒಂದು ಸಲ ನೆನೆಸಿಕೋ.

ಅಲ್ಲಿಂದ ಸ್ವಲ್ಪ ದೂರ ಓಡಿದರೆ ಬಾಂದ್ರಾ-ವರ್ಲಿ ಸೀ ಲಿಂಕ್. 2009ರಲ್ಲಿ ಆದದ್ದು, ಐದೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇಲ್ಲಿ ಟೋಲ್ ಇದೆ, ನಡೆದು ಹೋಗಲು ಬಿಡಲ್ಲ, ಬೈಕೂ ಬಿಡಲ್ಲ. ವರ್ಷವಿಡೀ ಕಾರಿನವರದ್ದೇ ಸೇತುವೆ. ಆ ಒಂದು ಬೆಳಗ್ಗೆ ಮಾತ್ರ ಕಾಲಿನವರದ್ದು. ಕೇಬಲ್ ಕಟ್ಟಿದ ದೊಡ್ಡ ಕಂಬದ ಕೆಳಗೆ ಬಂದಾಗ ತಲೆ ಪೂರ್ತಿ ಹಿಂದಕ್ಕೆ ಬಗ್ಗಿಸಿ ನೋಡು. ಆದರೆ ಓಟದ ನಡುವೆ ಬೇಡ. ಪಕ್ಕಕ್ಕೆ ಬಾ, ನಾಲ್ಕು ಹೆಜ್ಜೆ ನಡೆ, ನೋಡು. ಸೇತುವೆಯ ಜೋಡಣೆಗಳಲ್ಲಿ ಕಬ್ಬಿಣದ ಪಟ್ಟಿ ಇರುತ್ತೆ. ಕತ್ತಲಲ್ಲಿ ಕಾಲು ತಾಗಿ ಬಿದ್ದವರನ್ನು ನೋಡಿದ್ದೇನೆ. ಅಲ್ಲಿ ಮಾತ್ರ ನಿನ್ನ ಗುಂಪಿನವರ ಮಾತು ಕೇಳು, ನೆಲ ನೋಡು.

ವರ್ಲಿ ಸುಮ್ನೆ ಓಡು. ಗಾಳಿ ಇರುತ್ತೆ, ರಸ್ತೆ ಅಗಲ, ಕಾಲಿಗೆ ಲಯ ಸಿಗುವ ಜಾಗ.

ಹಾಜಿ ಅಲಿ ಹತ್ತಿರ ಬಲಕ್ಕೆ ತಿರುಗಿ ನೋಡು. ಸಮುದ್ರದ ನಡುವೆ ಬಿಳಿ ದರ್ಗಾ. 1431ರದ್ದು ಅನ್ನುತ್ತಾರೆ. ಕಡಲ ಉಬ್ಬರ ಬಂದಾಗ ಅಲ್ಲಿಗೆ ಹೋಗುವ ಸಣ್ಣ ದಾರಿ ನೀರಲ್ಲಿ ಮುಳುಗುತ್ತೆ, ಇಳಿದಾಗ ಮತ್ತೆ ಕಾಣುತ್ತೆ. ಕಡಲ ಕರೆಯ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ, ಅಲ್ವಾ?

ಆಮೇಲೆ ಪೆಡರ್ ರೋಡ್ ಏರು. ಇದರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಫುಲ್ ಓಡುವವರಿಗೆ ಇದು ಮೂವತ್ತೈದನೇ ಕಿಲೋಮೀಟರಿನ ಆಸುಪಾಸು ಬರುತ್ತೆ, ಅವರಿಗೆ ನಿಜವಾಗಿ ಕಷ್ಟ. ಒಂದು ವರ್ಷ ನನ್ನ ಎಡಗಾಲಿನ ಮೀನಖಂಡ ಇಲ್ಲೇ ಕಲ್ಲಾಯಿತು. ಫುಟ್‌ಪಾತಿನ ಅಂಚಿಗೆ ಕೂತೆ. ಒಬ್ಬ ಗುಜರಾತಿ ಅಜ್ಜಿ, ಬಿಳಿ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ಸಿಪ್ಪೆ ಸುಲಿದ ಕಿತ್ತಳೆ ತೊಳೆ, ಮೇಲೆ ಉಪ್ಪು. "ಖಾ, ಬೇಟಾ" ಅಂದರು. ಎರಡು ತಿಂದೆ. ಅವರೇ ಬಗ್ಗಿ ನನ್ನ ಕಾಲು ತಿಕ್ಕಲು ಬಂದರು, ನನಗೆ ಕಣ್ಣಲ್ಲಿ ನೀರು ಬಂತು. ಆ ರಸ್ತೆಯ ಮನೆಗಳವರು ಪ್ರತಿ ವರ್ಷ ಹೀಗೆ ಬೆಳಗ್ಗೆಯೇ ಕೆಳಗೆ ಇಳಿದು ಬಂದು ಹಣ್ಣು, ಬಿಸ್ಕತ್ತು, ಚಿಕ್ಕಿ ಹಿಡಿದು ನಿಲ್ಲುತ್ತಾರೆ. ಅಲ್ಲಿ ಕಟ್ಟಡ ನೋಡಬೇಡ, ಜನರನ್ನು ನೋಡು. ಹೆಜ್ಜೆ ಸಣ್ಣದು ಮಾಡು, ಕೈ ಜಾಸ್ತಿ ಬೀಸು, ಏರು ಮುಗಿಯುತ್ತೆ.

ಏರಿದ ಮೇಲೆ ಕೆಂಪ್ಸ್ ಕಾರ್ನರ್ ಫ್ಲೈಓವರ್ ಮೇಲಿಂದ ಇಳಿಜಾರು. ಅದು 1965ರದ್ದು, ಮುಂಬೈನ ಮೊದಲ ಫ್ಲೈಓವರ್. ಇಳಿಜಾರು ಅಂತ ಕಾಲು ಬಿಟ್ಟು ಓಡಬೇಡ, ಮಂಡಿಗೆ ಬೀಳುತ್ತೆ. ಬಾಬುಲ್‌ನಾಥ್ ದಾಟಿದರೆ ಎಡಕ್ಕೆ ವಿಲ್ಸನ್ ಕಾಲೇಜಿನ ಹಳೆ ಕಟ್ಟಡ, ಎದುರಿಗೆ ಚೌಪಾಟಿ. 1920ರ ಆಗಸ್ಟ್‌ನಲ್ಲಿ ತಿಲಕರ ಅಂತ್ಯಸಂಸ್ಕಾರ ಆದದ್ದು ಈ ಮರಳಿನ ಮೇಲೆ. ಅವರ ಪ್ರತಿಮೆ ಇದೆ. ನಿನ್ನ ಅಪ್ಪಯ್ಯ ಕಡಲು ನೋಡಿದ್ದೂ ಇಲ್ಲೇ. ಇಲ್ಲಿ ನಿಲ್ಲು. ಹತ್ತು ಸೆಕೆಂಡ್. ನಿನ್ನ ಟೈಮಿಂಗ್‌ನಲ್ಲಿ ಹತ್ತು ಸೆಕೆಂಡ್ ಹೋದರೆ ಹೋಗಲಿ.

ನಿನ್ನ ಲೆಕ್ಕ ಎರಡು ಗಂಟೆ ನಲವತ್ತು ನಿಮಿಷ ಇರಬಹುದು. ಹಾಗಿದ್ದರೆ ನೀನು ಮರೀನ್ ಡ್ರೈವ್‌ಗೆ ಬರುವಾಗ ಏಳು ಕಾಲು, ಸೂರ್ಯ ಹುಟ್ಟುವ ಹೊತ್ತು. ಬಲಕ್ಕೆ ಕಡಲು, ಎಡಕ್ಕೆ ಆ ದುಂಡು ಮೂಲೆಯ ಬಾಲ್ಕನಿಗಳ ಆರ್ಟ್ ಡೆಕೊ ಶೈಲಿಯ ಮನೆಗಳ ಸಾಲು. ಸೂರ್ಯ ಮನೆಗಳ ಹಿಂದಿನಿಂದ ಬರುತ್ತಾನೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಮಾತ್ರ ಬಿಸಿಲು ರಸ್ತೆಗೆ ಬೀಳುತ್ತೆ. ನೆರಳು, ಬಿಸಿಲು, ನೆರಳು, ಬಿಸಿಲು, ಅದರ ಮೇಲೇ ಓಡುತ್ತಾ ಹೋಗುತ್ತೀಯ. ಇದನ್ನು ನಾನು ಬಾಯಲ್ಲಿ ಹೇಳಿ ಮುಗಿಸಲಾರೆ.

ಚರ್ಚ್‌ಗೇಟಿನಲ್ಲಿ ಎಡಕ್ಕೆ ತಿರುಗಿದರೆ ಬಲಗಡೆ ಇರಾಸ್ ಚಿತ್ರಮಂದಿರ, ಆಮೇಲೆ ಓವಲ್ ಮೈದಾನ. ಮೈದಾನದ ಆಚೆ ಹೈಕೋರ್ಟ್, ಅದರಾಚೆ ರಾಜಾಬಾಯಿ ಗೋಪುರ. 1878ರಲ್ಲಿ ಮುಗಿದದ್ದು, 280 ಅಡಿ. ಪ್ರೇಮ್‌ಚಂದ್ ರಾಯ್‌ಚಂದ್ ತನ್ನ ತಾಯಿ ರಾಜಾಬಾಯಿ ಹೆಸರಲ್ಲಿ ಹಣ ಕೊಟ್ಟು ಕಟ್ಟಿಸಿದ್ದು. ಅಪ್ಪಯ್ಯ ಗಂಟೆ ಕೇಳುತ್ತಿದ್ದದ್ದು ಇದರದ್ದೇ.

ಮುಂದೆ ಫೌಂಟನ್. ಮೂಲೆಯಲ್ಲಿ ದೊಡ್ಡ ಕಲ್ಲಿನ ಕಟ್ಟಡ ಕಾಣುತ್ತಲ್ಲ, ತಾರು (ಟೆಲಿಗ್ರಾಂ) ಕಚೇರಿ. 2013ರ ಜುಲೈನಲ್ಲಿ ದೇಶದ ತಾರು ಸೇವೆ ನಿಂತಿತು. ಅದಕ್ಕೂ ಬಹಳ ಹಿಂದೆ, ನನಗೆ ಕೆಲಸ ಸಿಕ್ಕಿದ ದಿನ, ಅಲ್ಲಿ ಸಾಲಲ್ಲಿ ನಿಂತು ಕಾರ್ಕಳಕ್ಕೆ ತಾರು ಕಳಿಸಿದ್ದೆ. ಪದಕ್ಕೆ ಇಷ್ಟು ಅಂತ ದುಡ್ಡು. "ಕೆಲಸ ಸಿಕ್ಕಿತು" ಅಂತ ಎರಡೇ ಪದ ಇಂಗ್ಲಿಷಿನಲ್ಲಿ ಬರೆಸಿದೆ. ತಾರು ಬಂತು ಅಂದ ಕೂಡಲೇ ಅಮ್ಮ ಯಾರೋ ಸತ್ತರು ಅಂತ ಅತ್ತುಬಿಟ್ಟರಂತೆ. ಆ ಕಟ್ಟಡದ ಮುಂದೆ ಓಡುವಾಗ ಪ್ರತಿ ಸಲ ಅಮ್ಮ ನೆನಪಾಗುತ್ತಾರೆ.

ಅಪ್ಪಯ್ಯನನ್ನು ಫೌಂಟನ್ ಹತ್ತಿರವೇ ನಿಲ್ಲಿಸು. ಬೇರೆ ಜಾಗ ಯಾಕೆ ಹುಡುಕುತ್ತೀ?

ಪೇಸ್ ಆರೂವರೆ

ಮಾಮ ಹೇಳಿದ್ದು ಓದಲು ಚೆನ್ನಾಗಿದೆ, ಆದರೆ ನನಗೆ ಒಂದು ವಿಷಯ ಒಪ್ಪಿಗೆ ಇಲ್ಲ. ಓಟದ ಮಧ್ಯೆ ನಿಲ್ಲು ಅಂತ ಹೊಸಬರಿಗೆ ಹೇಳಬಾರದು. ಹದಿನೇಳನೇ ಕಿಲೋಮೀಟರಿನಲ್ಲಿ ನಿಂತರೆ ಕಾಲು ಗಟ್ಟಿಯಾಗುತ್ತೆ, ಮತ್ತೆ ಶುರು ಮಾಡುವುದು ಬಹಳ ಕಷ್ಟ. ಹಿಂದಿನವರು ಬಂದು ಗುದ್ದುವ ಅಪಾಯವೂ ಇದೆ. ನನ್ನ ಸಲಹೆ: ನೀರಿನ ಟೇಬಲ್ ಇರುವ ಕಡೆ ಹೇಗೂ ನಡೆಯುತ್ತೀರಲ್ಲ, ಆಗ ನೋಡಿ. ಸಮಯ ನೋಡಿಕೊಂಡು ಓಡುವುದೂ ಒಂದು ಪ್ರೀತಿಯೇ. ನಾನು ಆರು ತಿಂಗಳು ಬೆಳಗ್ಗೆ ನಾಲ್ಕಕ್ಕೆ ಎದ್ದದ್ದು ಆ ಗಡಿಯಾರಕ್ಕಾಗಿ. ಕಟ್ಟಡಗಳನ್ನು ಇನ್ನೊಂದು ಭಾನುವಾರ ಬಂದು ನಿಧಾನವಾಗಿ ನೋಡಬಹುದು, ಅವು ಎಲ್ಲಿಗೂ ಹೋಗಲ್ಲ.

ಕಲ್ಲು ಕೆತ್ತನೆ

"ಇನ್ನೊಂದು ಭಾನುವಾರ" ಅನ್ನುವ ಮಾತು ನನಗೆ ಇಷ್ಟವಾಯಿತು. ಎರಡೂ ಮಾಡಿ ಅಕ್ಕ. ಓಟಕ್ಕೆ ಮೊದಲೇ ಒಂದು ಬೆಳಗ್ಗೆ ಅಪ್ಪಯ್ಯನನ್ನು ಕರೆದುಕೊಂಡು ಕೊನೆಯ ಒಂದು ಕಿಲೋಮೀಟರ್ ನಡೆಯಿರಿ. ಓಡುವಾಗ ಎಲ್ಲಿ ತಲೆ ಎತ್ತಬೇಕು ಅಂತ ಕಣ್ಣಿಗೆ ಗೊತ್ತಿರುತ್ತೆ.

ನಾನು ವಾಸ್ತುಶಿಲ್ಪ ಓದುತ್ತಿದ್ದೇನೆ, ಹಾಗಾಗಿ ಒಂದೆರಡು ವಿಷಯ. ಸಿ.ಎಸ್.ಎಂ.ಟಿ. ಕಟ್ಟಲು ಶುರುವಾದದ್ದು 1878ರಲ್ಲಿ, ಹತ್ತು ವರ್ಷ ಹಿಡಿಯಿತು. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ. ಎದುರಿನ ಪಾಲಿಕೆ ಕಟ್ಟಡವೂ ಅವರದ್ದೇ. ಕಲ್ಲಿನ ಮೇಲಿರುವ ನವಿಲು, ಕೋತಿ, ಎಲೆ, ಬಳ್ಳಿಗಳ ಕೆಲಸದಲ್ಲಿ ಹತ್ತಿರದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್, ಹುಲಿ ಭಾರತ. 2004ರಲ್ಲಿ ಈ ನಿಲ್ದಾಣ ಯುನೆಸ್ಕೊ ಪಟ್ಟಿಗೆ ಸೇರಿತು. ಮುಂಬೈ ಮ್ಯಾರಥಾನ್ ಶುರುವಾದದ್ದೂ ಅದೇ ವರ್ಷ. ಓವಲ್ ಸುತ್ತಲಿನ ಗೋಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳು, ಮರೀನ್ ಡ್ರೈವ್ ಸಾಲು ಸೇರಿದ್ದು 2018ರಲ್ಲಿ.

ಅಪ್ಪಯ್ಯ ಮಲಗುತ್ತಿದ್ದ ಕಮಾನುಗಳಿಗೂ ಒಂದು ಕಾರಣ ಇದೆ. ಕೋಟೆಯ ಗೋಡೆ 1860ರ ದಶಕದಲ್ಲಿ ಕೆಡವಿದ ಮೇಲೆ ಈ ರಸ್ತೆ ಬೆಳೆಯಿತು. ಕಟ್ಟಡ ಯಾವ ಶೈಲಿಯದ್ದಾದರೂ ಇರಲಿ, ಕೆಳಗೆ ಕಮಾನಿನ ನಡೆದಾರಿ ಬಿಡಲೇಬೇಕು ಅಂತ ನಿಯಮ ಮಾಡಿದರು. ಬಿಸಿಲು ಮಳೆಯಲ್ಲಿ ನಡೆಯುವವನಿಗೆ ನೆರಳು ಸಿಗಲಿ ಅಂತ. ಫೌಂಟನ್ ಇರುವುದು ಕೋಟೆಯ ಚರ್ಚ್ ಗೇಟ್ ಇದ್ದ ಜಾಗದಲ್ಲಿ. ರೈಲು ನಿಲ್ದಾಣಕ್ಕೆ ಆ ಹೆಸರು ಉಳಿದದ್ದು ಅದರಿಂದಲೇ.

ಡೊಂಬಿವಿಲಿಯವಳು

ಮಾಮ, ಎಲ್ಲವನ್ನೂ ಅಪ್ಪಯ್ಯನಿಗೆ ಗಟ್ಟಿಯಾಗಿ ಓದಿ ಹೇಳಿದೆ. ತಾರು ಕಚೇರಿಯ ಭಾಗ ಬಂದಾಗ "ನಾನೂ ಅಲ್ಲಿ ನಿಂತಿದ್ದೇನೆ" ಅಂದರು. ಆಮೇಲೆ ಮಾತಾಡಲಿಲ್ಲ.

ತಮ್ಮಾ, ನಿನ್ನ ಮಾತು ಕೇಳಿ ನಿನ್ನೆ ಹೋಗಿ ಬಂದೆವು. ಬೆಳಗ್ಗೆ ಆರೂಮುಕ್ಕಾಲಿಗೆ ಸಿ.ಎಸ್.ಎಂ.ಟಿ. ಸಿಂಹವನ್ನೂ ಹುಲಿಯನ್ನೂ ಅಪ್ಪಯ್ಯನೇ ನನಗೆ ತೋರಿಸಿದರು, ಅವರಿಗೆ ಮೊದಲೇ ಗೊತ್ತಿತ್ತು. ಆಮೇಲೆ ಡಿ.ಎನ್. ರಸ್ತೆಯ ಕಮಾನಿನ ಕೆಳಗೆ ನಿಧಾನವಾಗಿ ನಡೆದೆವು. ಮಂಡಿಗಾಗಿ ಮೂರು ಕಡೆ ಕೂತರು. ಅಂಗಡಿಗಳ ಶಟರ್ ಇನ್ನೂ ತೆರೆದಿರಲಿಲ್ಲ. ಒಬ್ಬ ಹುಡುಗ ಪುಸ್ತಕದ ಕಟ್ಟಿನ ಪಕ್ಕದಲ್ಲಿ ಮುಸುಕು ಹಾಕಿ ಮಲಗಿದ್ದ.

ಅಪ್ಪಯ್ಯ ಕಂಬಗಳನ್ನು ಮುಟ್ಟುತ್ತಾ ಬಂದರು. ಒಂದು ಕಂಬದ ಹತ್ತಿರ ನಿಂತು ಕೆಳಗೆ ಬಗ್ಗಲು ನೋಡಿದರು. ಆಗಲಿಲ್ಲ, ನಾನು ಬಗ್ಗಿದೆ. ಕಂಬದ ಬುಡದಲ್ಲಿ ಕಲ್ಲು ಒಂದು ಕಡೆ ಸವೆದು ಬೊಗಸೆಯ ಹಾಗೆ ತಗ್ಗಾಗಿದೆ. "ಅಲ್ಲಿ ಚಪ್ಪಲಿ ಇಟ್ಟು ಅದರ ಮೇಲೆ ತಲೆ ಇಡ್ತಿದ್ದೆ. ಯಾರೂ ಕದಿಯಬಾರ್ದು ಅಂತ" ಅಂದರು. ಅದೇ ಕಂಬವೋ ಪಕ್ಕದ್ದೋ, ನಾನು ಕೇಳಲು ಹೋಗಲಿಲ್ಲ. ಆ ತಗ್ಗಿನಲ್ಲಿ ಕೈ ಇಟ್ಟೆ. ತಣ್ಣಗಿತ್ತು, ನುಣ್ಣಗಿತ್ತು.

ನಿಲ್ಲುವ ಜಾಗ ಅವರೇ ಆರಿಸಿದ್ದಾರೆ: ಫೌಂಟನ್ ಎದುರು, ನಾನು ಬರುವ ದಿಕ್ಕಿಗೆ ಎಡಗಡೆ, ತಾರು ಕಚೇರಿ ಬದಿ. ಠಾಣೆ ಅಕ್ಕ, ಎಡಗಡೆ ಅಂತ ಇಬ್ಬರೂ ಮೂರು ಸಲ ಹೇಳಿಕೊಂಡಿದ್ದೇವೆ. ಕೆಂಪು ಮುಂಡಾಸು ಕಟ್ಟಿಕೊಂಡು ಬರುತ್ತಾರಂತೆ, ದೂರದಿಂದ ಕಾಣಲಿ ಅಂತ.

ವಾಪಸ್ ಬರುವಾಗ ಮಾಟುಂಗದಲ್ಲಿ ಇಳಿದು ಇಡ್ಲಿ ತಿಂದೆವು. ಅಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗನನ್ನು ಅಪ್ಪಯ್ಯ ಕರೆದು "ಊರು ಯಾವುದಪ್ಪಾ?" ಅಂತ ಕೇಳಿದರು. ಅವನು ಬಿಹಾರ ಅಂದ. ಅಪ್ಪಯ್ಯ ತಮ್ಮ ಹಳೆ ಹಿಂದಿಯಲ್ಲಿ ಅವನಿಗೆ ಹತ್ತಿರದ ರಾತ್ರಿ ಶಾಲೆ ಎಲ್ಲಿದೆ ಅಂತ ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ. ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ತಿಳಿಸಿ. ಅವನಿಗೆ ಹಿಂದಿ ಮಾಧ್ಯಮದ್ದು ಬೇಕು, ಸಯನ್ ಕಡೆ ಆದರೂ ಪರವಾಗಿಲ್ಲ.